ನಾಯಿ ಮೇಲ್‌ನಿಂದ ಥಂಡರ್‌ಬರ್ಡ್‌ಗೆ: ಒಂದು ಮುದ್ರಣಾಲಯದ ಬಳಕೆಯ ವಿಮರ್ಶೆ

ಮೈಸೂರಿನ ಶಿವರಾಂಪೇಟೆಯಲ್ಲಿರುವ ನಮ್ಮ ಸಣ್ಣ ಮುದ್ರಣಾಲಯಕ್ಕೆ ಲಗ್ನಪತ್ರಿಕೆಯ ಕರಡು, ಶಾಲೆಗಳ ಸ್ಮರಣ ಸಂಚಿಕೆಯ ಪುಟಗಳು, ಬಿಲ್ ಪುಸ್ತಕದ ಮಾದರಿ ಎಲ್ಲವೂ ಈಗ ಇಮೇಲ್‌ನಲ್ಲೇ ಬರುತ್ತವೆ. ಯಂತ್ರದ ಪಕ್ಕದಲ್ಲಿ ನಿಂತವರೂ ಪ್ರೂಫ್ ನೋಡಬೇಕಾದ್ದರಿಂದ ನಮ್ಮ ಮೂರು ಫೋನ್‌ಗಳಲ್ಲಿ ಹಲವು ವರ್ಷಗಳಿಂದ ಕೆ-9 ಮೇಲ್ ಎಂಬ, ಇಮೇಲ್ ನೋಡುವ ಮುಕ್ತ ತಂತ್ರಾಂಶವಿದೆ. ಅದರ ಗುರುತಿನಲ್ಲಿ ನಾಯಿಯಿರುವುದರಿಂದ ನಮ್ಮಲ್ಲಿ ಎಲ್ಲರಿಗೂ ಅದು ‘ನಾಯಿ ಮೇಲ್’. 2008ರಲ್ಲಿ ಆರಂಭವಾದ ಈ ಯೋಜನೆ 2022ರ ಜೂನ್‌ನಲ್ಲಿ ಕಂಪ್ಯೂಟರಿನ ಇಮೇಲ್ ತಂತ್ರಾಂಶವಾದ ಥಂಡರ್‌ಬರ್ಡ್‌ನ ಬಳಗವನ್ನು ಸೇರಿತು. 2024ರ ಅಕ್ಟೋಬರ್ ಕೊನೆಯಲ್ಲಿ ಆಂಡ್ರಾಯ್ಡ್‌ಗಾಗಿ ಥಂಡರ್‌ಬರ್ಡ್ 8.0 ಹೊರಬಂತು.

ಎರಡು ತಂತ್ರಾಂಶಗಳು ಒಂದಾಗುತ್ತವೆ ಎಂದರೆ ನನಗೆ ಮೊದಲು ಭಯವೇ ಆಗುತ್ತದೆ. ಕೆಲವು ವರ್ಷಗಳ ಹಿಂದೆ ನಾವು ದುಡ್ಡು ಕೊಟ್ಟು ಬಳಸುತ್ತಿದ್ದ ಬಿಲ್ಲಿಂಗ್ ತಂತ್ರಾಂಶವೊಂದನ್ನು ಮತ್ತೊಂದು ಸಂಸ್ಥೆ ಕೊಂಡಾಗ ನಮಗೆ ಬಂದದ್ದು ಒಂದೇ ಸಾಲಿನ ಶುಭಾಶಯ. ಹಳೆಯ ಲೆಕ್ಕದ ಫೈಲುಗಳು ಹೊಸದರಲ್ಲಿ ತೆರೆಯುವುದಿಲ್ಲ ಎಂಬುದು ಗೊತ್ತಾದದ್ದು ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ.

ಕೆ-9ರ ವಿಷಯದಲ್ಲಿ ಹಾಗಾಗಲಿಲ್ಲ. ಅಷ್ಟು ಕಾಲ ಅದನ್ನು ನೋಡಿಕೊಂಡಿದ್ದ ಮುಖ್ಯ ಅಭಿವರ್ಧಕರೇ ಥಂಡರ್‌ಬರ್ಡ್‌ನ ಪೂರ್ಣಾವಧಿ ಕೆಲಸಕ್ಕೆ ಸೇರುತ್ತಾರೆ, ಹೆಸರು ತಕ್ಷಣ ಬದಲಾಗುವುದಿಲ್ಲ, ಖಾತೆಯ ವಿವರ ತಾನಾಗಿ ತುಂಬುವ ವ್ಯವಸ್ಥೆ, ಫೋಲ್ಡರ್‌ಗಳ ನಿರ್ವಹಣೆಯಲ್ಲಿ ಸುಧಾರಣೆ, ಸಂದೇಶಗಳನ್ನು ವಿಂಗಡಿಸುವ ಫಿಲ್ಟರ್, ಕಂಪ್ಯೂಟರಿನ ಥಂಡರ್‌ಬರ್ಡ್ ಜೊತೆ ಸಿಂಕ್ (ಎರಡೂ ಕಡೆಯ ವಿವರಗಳು ತಾವಾಗಿ ಹೊಂದಿಕೊಳ್ಳುವುದು) ಇವಿಷ್ಟರತ್ತ ಕೆಲಸ ಸಾಗುತ್ತದೆ ಎಂಬುದನ್ನು ಆರಂಭದಲ್ಲೇ ತಿಳಿಸಿದ್ದರು. ಮೊದಲು ಕೆಲಸ, ಆಮೇಲೆ ನಾಮಕರಣ ಎಂಬ ಈ ಕ್ರಮ ನನಗೆ ಹಿಡಿಸಿತು. ಹೇಳಿದ್ದೆಲ್ಲ ಹೇಳಿದಂತೆ ನಡೆಯಲಿಲ್ಲ ಎನ್ನುವುದೂ ನಿಜ. ಬಿಡುಗಡೆ ಎಣಿಸಿದ್ದಕ್ಕಿಂತ ತಡವಾಯಿತು, ಸಿಂಕ್ 8.0ರ ಜೊತೆ ಬರಲಿಲ್ಲ, ಕೆ-9 ಮುಂದೆ ಥಂಡರ್‌ಬರ್ಡ್ ಆಗಿ ಮಾರ್ಪಡುತ್ತದೆ ಎಂದಿದ್ದವರು ಕೊನೆಗೆ ಎರಡನ್ನೂ ಉಳಿಸಿಕೊಂಡರು. ತಡವಾದುದನ್ನು ಮುಚ್ಚಿಡದೆ ಹೇಳಿದ್ದರಿಂದ ಇದಕ್ಕೆ ನನ್ನ ತಕರಾರಿಲ್ಲ. ಆದರೆ ಇಂದು ಎರಡರ ಒಳಗಿನ ಕೋಡ್ ಒಂದೇ, ಬೇರೆಯಾಗಿರುವುದು ಹೆಸರು ಮತ್ತು ಬಣ್ಣ ಎಂಬ ಸಂಗತಿಯನ್ನು ಸಾಮಾನ್ಯ ಬಳಕೆದಾರರಿಗೆ ಇನ್ನಷ್ಟು ಒತ್ತಿ ಹೇಳಬೇಕಿತ್ತು ಅನ್ನಿಸುತ್ತದೆ, ಹೊಸದು ಬಂದ ದಿನ ನಮ್ಮ ಡಿಟಿಪಿ ಕೆಲಸದ ಹುಡುಗಿ ಕೇಳಿದ ಮೊದಲ ಪ್ರಶ್ನೆಯೇ, “ಸಾರ್, ನಾಯಿ ಮೇಲ್ ಇನ್ನು ನಿಂತುಹೋಗುತ್ತಾ, ತೆಗೆದುಬಿಡ್ಲಾ?” ಎಂಬುದಾಗಿತ್ತು.

ತೆಗೆಯಬೇಡ ಎಂದು ತಡೆದದ್ದು ಒಳ್ಳೆಯದಾಯಿತು. ಕೆ-9ರಿಂದ ಸೆಟ್ಟಿಂಗ್ಸ್ ಫೈಲನ್ನು ಹೊರತೆಗೆದು ಥಂಡರ್‌ಬರ್ಡ್‌ಗೆ ಕೊಟ್ಟರೆ ಖಾತೆಗಳೂ ಸಹಿ ಸಾಲುಗಳೂ ಬರುತ್ತವೆ, ಪಾಸ್‌ವರ್ಡ್‌ಗಳನ್ನು ಮಾತ್ರ ಮತ್ತೆ ಕೊಡಬೇಕು. ಫೈಲ್ ಯಾರ ಕೈಗೆ ಸಿಕ್ಕೀತೋ ಎಂಬ ದೃಷ್ಟಿಯಿಂದ ಇದು ಸರಿಯೇ. ಸಂದೇಶಗಳು ಆ ಫೈಲಿನಲ್ಲಿ ಇರುವುದಿಲ್ಲ. ಐಮ್ಯಾಪ್ ಖಾತೆಯಾದರೆ ಅಂಚೆಯೆಲ್ಲ ಸರ್ವರ್‌ನಲ್ಲೇ ಇರುವುದರಿಂದ ಹೊಸ ಆ್ಯಪ್‌ನಲ್ಲೂ ಕಾಣಿಸುತ್ತದೆ. ನಮ್ಮಲ್ಲಿ ಹಳೆಯ ಪಾಪ್ ಖಾತೆಯೊಂದಿದ್ದು (ಅಂಚೆಯನ್ನು ಸರ್ವರ್‌ನಿಂದ ಫೋನಿಗೇ ಇಳಿಸಿಕೊಳ್ಳುವ ಬಗೆ), ಬಂದ ಅಂಚೆ ಸರ್ವರ್‌ನಲ್ಲಿ ಉಳಿಯದಂತೆ ನಾನೇ ಹಿಂದೆಂದೋ ಮಾಡಿಟ್ಟು ಮರೆತಿದ್ದೆ. ಕಾಯಂ ಗಿರಾಕಿಗಳ ಲೋಗೋಗಳೆಲ್ಲ ಆ ಒಂದು ಫೋನಿನ ಒಳಗೇ ಇದ್ದವು. ಅಂದು ಆ ಹುಡುಗಿ ಆತುರಪಟ್ಟಿದ್ದರೆ ತಪ್ಪು ನನ್ನದೇ ಆಗುತ್ತಿತ್ತು.

ಕಚೇರಿಯ ಕಂಪ್ಯೂಟರಿನಲ್ಲಿ ಥಂಡರ್‌ಬರ್ಡ್ ಇದ್ದುದರಿಂದ ಎರಡನೆಯ ಫೋನಿಗೆ ಕ್ಯೂಆರ್ ಕೋಡ್ ದಾರಿಯನ್ನು ಹಿಡಿದೆವು. ಟೂಲ್ಸ್ ಮೆನುವಿನಲ್ಲಿ ಖಾತೆಗಳನ್ನು ಆರಿಸಿದರೆ ಪರದೆಯ ಮೇಲೆ ಕೋಡ್ ಮೂಡುತ್ತದೆ. ಬೇಕೆಂದರೆ ಪಾಸ್‌ವರ್ಡ್‌ಗಳನ್ನೂ ಅದರಲ್ಲಿ ಸೇರಿಸಬಹುದು. ಮೆಷಿನ್‌ಮನ್ ಶಾಯಿ ಮೆತ್ತಿದ ಕೈಯನ್ನು ಬನಿಯನ್ ವೇಸ್ಟಿಗೆ ಒರೆಸಿಕೊಂಡು ಬಂದು ಫೋನ್ ಹಿಡಿದರು. ಮಾನಿಟರಿನ ಮೇಲಿನ ಧೂಳಿನಿಂದ ಮೊದಲ ಸಲ ಅದು ಓದಲಿಲ್ಲ. ಒರೆಸಿದ ಮೇಲೆ ಒಂದು ನಿಮಿಷದೊಳಗೆ ಕೆಲಸ ಮುಗಿಯಿತು. ಬರಬೇಕಾಗಿದ್ದ ಸಿಂಕ್‌ಗೆ ಇದು ಪೂರ್ತಿ ಬದಲಿಯಲ್ಲವಾದರೂ ನಮ್ಮಂಥವರಿಗೆ ಸಾಕು.

ದಿನನಿತ್ಯದ ಬಳಕೆಯ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಎಲ್ಲ ಖಾತೆಗಳ ಅಂಚೆ ಒಂದೇ ಪೆಟ್ಟಿಗೆಯಲ್ಲಿ ಕಾಣುವುದು, ಜಾಹೀರಾತಿಲ್ಲದಿರುವುದು, ಬಳಸಲು ಹಣ ಕೊಡಬೇಕಾಗಿಲ್ಲದಿರುವುದು ಎರಡರಲ್ಲೂ ಒಂದೇ. ಖರ್ಚು ದೇಣಿಗೆಯಿಂದ ನಡೆಯುತ್ತದೆ. ಹೊಸದಾಗಿ ಹಾಕಿಕೊಳ್ಳುವವರು, ಅದರಲ್ಲೂ ಕಂಪ್ಯೂಟರಿನಲ್ಲಿ ಥಂಡರ್‌ಬರ್ಡ್ ಬಳಸುವವರು, ನೇರವಾಗಿ ಥಂಡರ್‌ಬರ್ಡ್ ಆರಿಸಿಕೊಳ್ಳಲಿ. ಕೆ-9ರಲ್ಲಿ ಕೈ ಪಳಗಿದವರು ಬದಲಾಯಿಸಲೇಬೇಕಾದ ಕಾರಣ ನನಗೆ ಕಾಣುವುದಿಲ್ಲ. ಎರಡನ್ನೂ ಒಂದೇ ಫೋನಿನಲ್ಲಿ ಇಟ್ಟುಕೊಳ್ಳಬಹುದು; ನನ್ನದರಲ್ಲಿ ಮುದ್ರಣಾಲಯದ ಅಂಚೆ ಥಂಡರ್‌ಬರ್ಡ್‌ಗೆ ಬರುತ್ತದೆ, ಮನೆಯ ಅಂಚೆಯೂ ಆ ಹಳೆಯ ಪಾಪ್ ಖಾತೆಯೂ ನಾಯಿಯ ಕಾವಲಿನಲ್ಲೇ ಇವೆ.