ಒಂದೇ ಗುಡ್ಡ, ನಾಲ್ಕು ಲೆಕ್ಕ

ಅಂಕೋಲಾ ಕಡೆ ರಸ್ತೆಗಾಗಿ ಕಡಿದ ಒಂದು ಗುಡ್ಡವನ್ನು ನಿಲ್ಲಿಸುವ ಡಿಸೈನ್ ಮಾಡುವಾಗ, ಗುಡ್ಡ ಜಾರುತ್ತದೆಯೇ ಎಂದು ಲೆಕ್ಕ ಹಾಕುವ ನಾಲ್ಕು ವಿಧಾನವನ್ನು ಅದೇ ಇಳಿಜಾರಿಗೆ ಹಚ್ಚಿ ನೋಡಿದೆ. ಮೇಲೆ ಚಿರೇಕಲ್ಲು, ಅದರಡಿ ಮೆತ್ತನೆಯ ಶೇಡಿ ಮಣ್ಣು, ಕೆಳಗೆ ಬಂಡೆ. 2009ರಲ್ಲಿ ಕಡವಾಡದ, 2024ರ ಜುಲೈನಲ್ಲಿ ಶಿರೂರಿನ ಗುಡ್ಡಕುಸಿತ ಕಂಡ ಜಿಲ್ಲೆ ಇದು. ಹಾಗಾಗಿ ಈ ಲೆಕ್ಕವನ್ನು ಸುಮ್ನೆ ಮುಗಿಸಲು ಮನಸ್ಸು ಬರುವುದಿಲ್ಲ.

ಫೆಲೆನಿಯಸ್ ವಿಧಾನವನ್ನು ಬೇಗ ಬದಿಗಿಟ್ಟೆ. ಜಾರುವ ಮಣ್ಣನ್ನು ಲಂಬ ಹೋಳುಗಳಾಗಿ (ಸ್ಲೈಸ್) ಮಾಡಿ ಲೆಕ್ಕ ಹಾಕುವಾಗ, ಆ ಹೋಳುಗಳ ನಡುವಿನ ಬಲವನ್ನು ಅದು ಬಿಟ್ಟೇ ಬಿಡುತ್ತದೆ. ಮಣ್ಣಿನೊಳಗೆ ನೀರಿನ ಒತ್ತಡ ಏರಿದರೆ ಸೇಫ್ಟಿ ಫ್ಯಾಕ್ಟರ್ (ಜಾರುವಿಕೆಯನ್ನು ತಡೆಯುವ ಬಲಕ್ಕೂ ಜಾರಿಸುವ ಬಲಕ್ಕೂ ಇರುವ ಅನುಪಾತ; 1ಕ್ಕಿಂತ ಇಳಿದರೆ ಗುಡ್ಡ ಜಾರುತ್ತದೆ) ತೀರಾ ಕಡಿಮೆ ತೋರಿಸುತ್ತದೆ.

ಬಿಷಪ್ ವಿಧಾನ (1955) ನಂಬಿಕಸ್ಥ. ಕೈಯಲ್ಲೇ ಲೆಕ್ಕ ಹಾಕಬಹುದು. ಒಂದೇ ವೃತ್ತಾಕಾರದ ಜಾರುಪದರ ಕೊಟ್ಟರೆ ಮಾರ್ಗನ್‌ಸ್ಟರ್ನ್-ಪ್ರೈಸ್ ವಿಧಾನದ (1965) ಉತ್ತರವೂ ಹೆಚ್ಚುಕಮ್ಮಿ ಅಷ್ಟೇ ಬರುತ್ತದೆ. ಆದರೆ ನಮ್ಮ ಗುಡ್ಡ ವೃತ್ತದಲ್ಲೇ ಜಾರಬೇಕೆಂದೇನಿದೆ? ಶೇಡಿ ಮಣ್ಣು ಬಂಡೆಗೆ ತಾಗುವ ಗೆರೆಯುದ್ದಕ್ಕೂ ಅದು ಜಾರಬಹುದು. ಆ ಗೆರೆಯನ್ನೇ ಜಾರುಪದರವಾಗಿ ಕೊಟ್ಟಾಗ ಮಾರ್ಗನ್‌ಸ್ಟರ್ನ್-ಪ್ರೈಸ್‌ನಲ್ಲಿ ಸೇಫ್ಟಿ ಫ್ಯಾಕ್ಟರ್ ಸ್ಪಷ್ಟವಾಗಿ ಇಳಿಯಿತು. ಬಿಷಪ್‌ಗೆ ಆ ಆಕಾರವನ್ನು ಕೊಡಲು ಬರುವುದಿಲ್ಲ.

ಗುಡ್ಡವನ್ನು ಸಣ್ಣ ಸಣ್ಣ ತುಂಡುಗಳಾಗಿ ಮಾಡಿ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವ ಫೈನೈಟ್ ಎಲಿಮೆಂಟ್ ವಿಧಾನದಲ್ಲಿ ಮಣ್ಣಿನ ಬಲವನ್ನು ಹಂತ ಹಂತವಾಗಿ ಕುಗ್ಗಿಸುತ್ತ ಹೋಗುತ್ತೇವೆ. ಎಲ್ಲಿ ಜಾರುತ್ತದೆ ಎಂದು ನಾವು ಊಹಿಸಬೇಕಿಲ್ಲ, ಅದೇ ತೋರಿಸುತ್ತದೆ. ಗುಡ್ಡ ಹಿಡಿದಿಡಲು ಒಳಗೆ ತೂರಿಸುವ ಉದ್ದನೆಯ ಸರಳುಗಳ, ಅಂದರೆ ಮೊಳೆಗಳ, ಮೇಲೆ ಬೀಳುವ ಎಳೆತವೂ ಸಿಗುತ್ತದೆ. ಆದರೆ ಮಣ್ಣಿನ ಬಿಗುವಿನ ಅಂಕಿಗಳು ಲ್ಯಾಬ್ ಪರೀಕ್ಷೆಯಿಂದ ಬಂದಿರಬೇಕು. ಪುಸ್ತಕದಿಂದ ತೆಗೆದ ಅಂಕಿ ಹಾಕಿದರೆ ಗುಡ್ಡ ಎಷ್ಟು ಸರಿಯುತ್ತದೆ ಎಂಬ ಉತ್ತರವನ್ನು ನಾನು ನಂಬುವುದಿಲ್ಲ.

ಇವೆಲ್ಲಕ್ಕಿಂತ ದೊಡ್ಡ ವ್ಯತ್ಯಾಸ ತಂದದ್ದು ನೀರು. ಸರಳ ಉದಾಹರಣೆ ನೋಡಿ. ಉದ್ದನೆಯ 20 ಡಿಗ್ರಿ ಇಳಿಜಾರು, ಮಣ್ಣಿನ ಘರ್ಷಣ ಕೋನ (ಕಣಗಳು ಉಜ್ಜಿ ಜಾರದಂತೆ ತಡೆಯುವ ಶಕ್ತಿಯ ಅಳತೆ) 30 ಡಿಗ್ರಿ, ಕಣಗಳ ನಡುವಿನ ಅಂಟು ಸೊನ್ನೆ. ಒಣಗಿದ್ದಾಗ ಸೇಫ್ಟಿ ಫ್ಯಾಕ್ಟರ್ ಸುಮಾರು 1.6. ನೀರು ನೆಲದ ಮಟ್ಟಕ್ಕೆ ಏರಿ ಇಳಿಜಾರಿನ ಗುಂಟ ಹರಿದರೆ 0.8ರ ಆಸುಪಾಸು. ಬೇಸಿಗೆಯ ನೀರಿನ ಮಟ್ಟ ಹಿಡಿದು ಮಾಡಿದ ಲೆಕ್ಕಕ್ಕೆ ಇಲ್ಲಿ ಬೆಲೆಯಿಲ್ಲ. ಮಣ್ಣಿನೊಳಗಿನ ನೀರಿನ ಒತ್ತಡ ಅಳೆಯುವ ಪೀಜೋಮೀಟರನ್ನು ಆಷಾಢದ ಮಳೆಯಲ್ಲಿ ಓದಲೇಬೇಕು.

ಕೊನೆಗೆ ಡಿಸೈನ್‌ಗೆ ಮಾರ್ಗನ್‌ಸ್ಟರ್ನ್-ಪ್ರೈಸ್ ಇಟ್ಟುಕೊಂಡೆ, ಮೊಳೆಗಳ ಪರಿಶೀಲನೆಗೆ ಫೈನೈಟ್ ಎಲಿಮೆಂಟ್. ಮೊದಲ ಖರ್ಚು ನೆತ್ತಿಯ ಚರಂಡಿ ಮತ್ತು ಗುಡ್ಡದೊಳಗಿನ ನೀರು ಬಸಿಯುವ ಅಡ್ಡ ಪೈಪುಗಳಿಗೆ. ಬಿಷಪ್‌ನ ವೃತ್ತ ನೆಚ್ಚಿದ್ದರೆ ಮೊಳೆಗಳು ಶೇಡಿ ಮಣ್ಣಿನಲ್ಲೇ ಮುಗಿಯುತ್ತಿದ್ದವು. ಈಗ ಅವು ಬಂಡೆಯೊಳಗೆ ಹೋಗುವಷ್ಟು ಉದ್ದ ಇವೆ.