‘ಮೆಟಫಿಸಿಕ್ಸ್’ ಪದದ ಮೂಲ ಮತ್ತು ಆನ್‌ಲೈನ್ ಎಟಿಮಾಲಜಿ ಡಿಕ್ಷನರಿ

ಪದವಿ ತರಗತಿಯಲ್ಲಿ ‘ಮೆಟಫಿಸಿಕ್ಸ್’ ಎಂದರೆ ಭೌತಕ್ಕೆ ಅತೀತವಾದುದರ ಶಾಸ್ತ್ರ ಎಂದು ಬರೆದುಕೊಂಡಿದ್ದೆ. ಮುಂದೆ ಹಣ ಕೊಟ್ಟು ಮೊಬೈಲಿಗೆ ಹಾಕಿಸಿಕೊಂಡ ಒಂದು ನಿಘಂಟು ಕೂಡ ‘ಮೆಟ ಎಂದರೆ ಆಚೆ’ ಎಂದು ಒಂದೇ ಸಾಲಿನಲ್ಲಿ ಕೈತೊಳೆದುಕೊಂಡಿತ್ತು. ಅಮೆರಿಕದ ಡಗ್ಲಸ್ ಹಾರ್ಪರ್ ಕಟ್ಟಿ ಬೆಳೆಸಿದ, ಉಚಿತವಾಗಿ ನೋಡಬಹುದಾದ, ಪದಗಳ ಮೂಲವನ್ನು ತಿಳಿಸುವ ಆನ್‌ಲೈನ್ ಎಟಿಮಾಲಜಿ ಡಿಕ್ಷನರಿಯಲ್ಲಿ ಅದೇ ಪದವನ್ನು ಹುಡುಕಿದ ಮೇಲೆ ಆ ಹಳೆಯ ಟಿಪ್ಪಣಿಯನ್ನು ತಿದ್ದಬೇಕಾಯಿತು.

ಗ್ರೀಕಿನ ‘ತಾ ಮೆತಾ ತಾ ಫುಸಿಕಾ’ ಎಂಬುದಕ್ಕೆ ‘ಭೌತದ ಗ್ರಂಥಗಳ ನಂತರದವು’ ಎಂದಷ್ಟೇ ಅರ್ಥ. ಕ್ರಿ.ಪೂ. 322ರಲ್ಲಿ ತೀರಿಕೊಂಡ ಅರಿಸ್ಟಾಟಲ್ ಈ ಪದವನ್ನು ಬಳಸಿದವನೇ ಅಲ್ಲ. ಅವನು ‘ಮೊದಲ ತತ್ತ್ವಶಾಸ್ತ್ರ’ ಎನ್ನುತ್ತಿದ್ದ. ಕ್ರಿ.ಪೂ. ಒಂದನೆಯ ಶತಮಾನದಲ್ಲಿ ಅವನ ಬರಹಗಳನ್ನು ಜೋಡಿಸಿದ ರೋಡ್ಸ್‌ನ ಆಂಡ್ರೋನಿಕಸ್ ಈ ಭಾಗವನ್ನು ಪ್ರಕೃತಿಯ ಕುರಿತ ಗ್ರಂಥಗಳ ಹಿಂದೆ ಇಟ್ಟದ್ದರಿಂದ ಹೆಸರು ಹುಟ್ಟಿತೆಂಬುದು ಸಾಂಪ್ರದಾಯಿಕ ವಿವರಣೆ. ಹೀಗೆ ಗ್ರಂಥಗಳ ಸರದಿಯನ್ನು ಹೇಳುತ್ತಿದ್ದ ‘ನಂತರ’ವನ್ನು ಲ್ಯಾಟಿನ್ ಬರಹಗಾರರು ‘ಆಚೆ’ ಎಂದು ಓದಿಕೊಂಡರು. ಮೆಟಫಿಸಿಕ್ಸ್‌ಗೆ ನಾವು ಹೇಳುವ ‘ಅತಿಭೌತ’ದಲ್ಲಿರುವ ‘ಅತಿ’ಯೂ ಆ ತಪ್ಪು ಓದಿನ ಸಂತಾನವೇ, ‘ತತ್ತ್ವಮೀಮಾಂಸೆ’ ಎಂದವರು ಈ ತೊಡಕಿನಿಂದ ಪಾರಾದರು.

ಈ ನಿಘಂಟಿನ ನಿಜವಾದ ಬೆಲೆ ತಿಳಿಯುವುದು ಒಂದು ಪದದಿಂದ ಅದರ ಧಾತುವಿನ ಪುಟಕ್ಕೆ ದಾಟಿದಾಗ. ‘ಫಿಸಿಕ್ಸ್’ನ ಹಿಂದಿರುವ ಗ್ರೀಕ್ ಕ್ರಿಯಾಪದಕ್ಕೆ ಬೆಳೆಯುವುದು, ಹುಟ್ಟಿಸುವುದು ಎಂಬ ಅರ್ಥಗಳಿವೆ. ಅದೂ ಸಂಸ್ಕೃತದ ‘ಭೂ’ ಧಾತುವೂ ಒಂದೇ ಬೇರಿನವು. ಭೂ, ಭೂತ, ಭೌತ ಎಂದು ಬಿಡಿಸಿ ನೋಡಿದರೆ, ‘ಫಿಸಿಕ್ಸ್’ಗೆ ‘ಭೌತಶಾಸ್ತ್ರ’ ಎಂದು ಹೆಸರಿಟ್ಟವರು, ತಿಳಿದೋ ತಿಳಿಯದೆಯೋ, ಅದನ್ನು ಅದರ ದಾಯಾದಿಯ ಮನೆಗೇ ಸೇರಿಸಿದ್ದಾರೆ. ಇಂಗ್ಲಿಷಿನ ‘ಫ್ಯೂಚರ್’ ಮತ್ತು ನಮ್ಮ ‘ಭವಿಷ್ಯ’ ಕೂಡ ಇದೇ ಕುಟುಂಬದವು ಎಂದು ತಿಳಿದ ಸಂಜೆ ಬೇರೆ ಕೆಲಸ ಸಾಗಲಿಲ್ಲ.

ಕೊರತೆಗಳಿಲ್ಲದೆ ಇಲ್ಲ. ವಿವರಣೆಯೆಲ್ಲ ಇಂಗ್ಲಿಷಿನಲ್ಲಿದೆ, ಸಂಸ್ಕೃತ ರೂಪಗಳನ್ನು ರೋಮನ್ ಲಿಪಿಯಲ್ಲೇ ಓದಿಕೊಳ್ಳಬೇಕು. ಪದದ ಮುಂದಿರುವ ಇಸವಿ ಬರವಣಿಗೆಯಲ್ಲಿ ಅದು ಮೊದಲು ಕಂಡ ಕಾಲವನ್ನು ಸೂಚಿಸುತ್ತದೆಯೇ ಹೊರತು ಅದು ಹುಟ್ಟಿದ ದಿನವನ್ನಲ್ಲ ಎಂಬುದನ್ನು ಹೊಸಬರು ನೆನಪಿಡಬೇಕು. ನಮೂದುಗಳು ಚಿಕ್ಕವಾದ್ದರಿಂದ ವಿದ್ವಾಂಸರ ವಾದವಿವಾದಗಳಿಗೆ ಅಲ್ಲಿ ಜಾಗ ಕಡಿಮೆ. ಪ್ರಬಂಧ ಬರೆಯುವವರಿಗೆ ಇದೊಂದೇ ಸಾಲದು. ಪಾಠಕ್ಕೆ ಸಿದ್ಧವಾಗುವ ಅಧ್ಯಾಪಕರಿಗೆ ಧಾರಾಳವಾಗಿ ಸಾಕು. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ.