ಹನುಮಂತನಗರದ ಹಳೇ ಪೇಪರ್ ಅಂಗಡಿ: ದೇವರ ಫೋಟೋ ಇಲ್ಲ, ತೂಕ ಸರಿ ಇದೆ

ರೇಟು ಕೇಳಿದರೆ ಮೊದಲು ಬೇಜಾರಾಗುತ್ತದೆ. ಪೇಪರಿಗೆ ಬೇರೆ ಕಡೆಗಿಂತ ಕೆ.ಜಿ.ಗೆ ಎರಡು ರೂಪಾಯಿ ಕಮ್ಮಿ. ಆದರೆ ತೂಕ ಮಾಡುವುದನ್ನು ನೋಡಿ. ಡಿಜಿಟಲ್ ತಕ್ಕಡಿ ಪಕ್ಕದಲ್ಲೇ 5 ಕೆ.ಜಿ.ಯ ಕಬ್ಬಿಣದ ಬಟ್ಟು ಇಟ್ಟಿರುತ್ತಾರೆ, ಅನುಮಾನ ಇದ್ದವರು ಮೊದಲು ಅದನ್ನೇ ಇಟ್ಟು 5.000 ಬರುತ್ತದಾ ಅಂತ ನೋಡಿಕೊಳ್ಳಬಹುದು. ಮುಂಚೆ ನಾವು ಕೊಡುತ್ತಿದ್ದ ಕಡೆ (ಹೆಸರು ಬೇಡ ಬಿಡಿ) ಗಣಪತಿ, ಲಕ್ಷ್ಮಿ, ತಿಮ್ಮಪ್ಪ ಎಲ್ಲರೂ ಸೀರಿಯಲ್ ಸೆಟ್ ಬೆಳಕಿನಲ್ಲಿ ಮಿಂಚುತ್ತಿದ್ದರು, ಮನೆಯಲ್ಲಿ ಹನ್ನೆರಡು ಕೆ.ಜಿ. ಇದ್ದ ಕಟ್ಟು ಅಲ್ಲಿ ಒಂಬತ್ತೂವರೆ ಆಗುತ್ತಿತ್ತು. ದೇವರ ತಪ್ಪಲ್ಲ. ಲೆಕ್ಕ ಹಾಕಿದರೆ ಇಲ್ಲೇ ಜಾಸ್ತಿ ಸಿಗುತ್ತದೆ.

ಇಲ್ಲಿ ದೇವರ ಫೋಟೋನೇ ಇಲ್ಲ. ಗೋಡೆ ಮೇಲೆ ಪೇಪರಿನಿಂದ ಕತ್ತರಿಸಿ ಅಂಟಿಸಿದ ಎಚ್. ನರಸಿಂಹಯ್ಯನವರ ಚಿತ್ರ ಇದೆ, 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದವರು. ಯಜಮಾನರು ಆಯುಧಪೂಜೆ ದಿನವೂ ತಕ್ಕಡಿಗೆ ಹೂವಿಡುವುದಿಲ್ಲ. ನಾನು ಹೋಗಿದ್ದಾಗ ಹಿರಿಯರೊಬ್ಬರು ರೇಗಿಸುತ್ತಿದ್ದರು: "ಮೇಲೆ ನೋಡೋನು ಯಾರೂ ಇಲ್ಲ ಅಂದ್ಮೇಲೆ ಮೋಸ ತಪ್ಪು ಅಂತ ಹೇಳೋರು ಯಾರಪ್ಪ? ಅದೂ ನಿನ್ನ ಅಭಿಪ್ರಾಯ ಅಷ್ಟೇ ತಾನೇ?" ಯಜಮಾನರು ಬಟ್ಟು ತೋರಿಸಿದರು. "ಇದೂ ಮನುಷ್ಯರೇ ಮಾಡಿದ್ದು ಸರ್. ಹಾಗಂತ ನಂಗೊಂದು ಕೆ.ಜಿ., ನಿಮಗೊಂದು ಕೆ.ಜಿ. ಇದೆಯಾ?"

ಮಾತು ಚೆನ್ನಾಗಿದೆ, ಆದರೆ ಸಾಲದು. ಕಿಲೋ ಅನ್ನುವುದು ಒಪ್ಪಂದ. 2019ರವರೆಗೆ ಪ್ಯಾರಿಸ್ ಹತ್ತಿರ ಜೋಪಾನವಾಗಿಟ್ಟ ಒಂದು ಲೋಹದ ತುಂಡೇ ಕಿಲೋ ಆಗಿತ್ತು, ಆಮೇಲೆ ಅದನ್ನು ಬಿಟ್ಟು ಪ್ಲಾಂಕ್ ಸ್ಥಿರಾಂಕ ಅನ್ನುವ, ಭೌತಶಾಸ್ತ್ರದ ಬದಲಾಗದ ಸಂಖ್ಯೆಯೊಂದನ್ನು ಹಿಡಿದುಕೊಂಡರು. ನ್ಯಾಯವನ್ನೂ ಹೀಗೆ ಕೂತು ಬದಲಾಯಿಸಬಹುದಾ? ಅದೂ ಅಲ್ಲದೆ ತೂಕ ಕಮ್ಮಿ ಇದೆ ಅಂತ ತಕ್ಕಡಿ ಹೇಳುತ್ತದೆ, ಕಮ್ಮಿ ತೂಗಬಾರದು ಅಂತ ಹೇಳುವುದಿಲ್ಲ. 18ನೇ ಶತಮಾನದಲ್ಲೇ ತತ್ವಜ್ಞಾನಿ ಡೇವಿಡ್ ಹ್ಯೂಮ್ ತೋರಿಸಿದ ಗಂಟು ಇದು: 'ಹೀಗಿದೆ' ಅನ್ನುವುದರಿಂದ 'ಹೀಗಿರಬೇಕು' ಅಂತ ಬರುವುದಿಲ್ಲ. ಆದರೆ ದೇವರನ್ನು ತಂದರೂ ಇದು ಬಿಚ್ಚುವುದಿಲ್ಲ. ಪ್ಲೇಟೋ ಬರೆದ ಸಂವಾದದಲ್ಲಿ ಸಾಕ್ರಟೀಸ್ ಕೇಳುತ್ತಾನಲ್ಲ, ದೇವರು ಮೆಚ್ಚಿದ್ದಕ್ಕೆ ಅದು ಒಳ್ಳೆಯದಾಯಿತೋ, ಒಳ್ಳೆಯದು ಅಂತ ದೇವರು ಮೆಚ್ಚಿದನೋ? ಎರಡನೆಯದಾದರೆ ಒಳ್ಳೆಯದು ಮೊದಲೇ ಇತ್ತು. ಮೊದಲನೆಯದಾದರೆ ನಾಳೆ ದೇವರು ಮನಸ್ಸು ಬದಲಾಯಿಸಿದರೆ ತೂಕ ಹೊಡೆಯುವುದೂ ಪುಣ್ಯ.

ನನಗೆ ಹಿಡಿಸಿದ್ದು ಯಜಮಾನರ ಇನ್ನೊಂದು ಮಾತು. ಅವರೂ ಈ ಮಾಲನ್ನು ದೊಡ್ಡ ಗೋಡೌನಿಗೆ ಹಾಕಬೇಕು, ಅಲ್ಲಿ ತೂಕ ಹೊಡೆದರೆ ಇವರಿಗೂ ಹೊಟ್ಟೆ ಉರಿಯುತ್ತದೆ. "ಅಲ್ಲಿ ಮೋಸ ಆಗಿದ್ದು ಇಲ್ಲಿ ವ್ಯಾಪಾರ ಹೇಗಾಗುತ್ತೆ?" ತಕ್ಕಡಿಯ ಯಾವ ಕಡೆ ನಿಂತವನೂ ಒಪ್ಪಲೇಬೇಕಾದ ಕಾರಣವನ್ನು ಬರೀ ಒಬ್ಬರ ಅಭಿಪ್ರಾಯ ಅನ್ನಲಾಗುವುದಿಲ್ಲ, ಅಲ್ವಾ? ಹಿರಿಯರು ಒಪ್ಪಲಿಲ್ಲ. ಪೇಪರ್ ಮಾತ್ರ ಇಲ್ಲಿಗೇ ತರುತ್ತಾರೆ.

ದೂರುಗಳೂ ಇವೆ. ಮನೆಗೆ ಬಂದು ಒಯ್ಯುವುದಿಲ್ಲ, ನೀವೇ ಹೊತ್ತುಕೊಂಡು ಹೋಗಬೇಕು. ಮಧ್ಯಾಹ್ನ ಊಟಕ್ಕೆ ಶಟರ್ ಎಳೆದರೆ ಯಾವಾಗ ತೆಗೆಯುತ್ತಾರೋ ಅವರಿಗೇ ಗೊತ್ತು. ಮಕ್ಕಳ ನೋಟ್‌ಬುಕ್ಕಿನ ಸ್ಪೈರಲ್ ತಂತಿ ಮನೆಯಲ್ಲೇ ಬಿಚ್ಚಿಕೊಂಡು ಹೋಗಿ, ಇಲ್ಲದಿದ್ದರೆ ಅಲ್ಲೇ ಸ್ಟೂಲ್ ಹಾಕಿ ಕೂರಿಸಿ ನಿಮ್ಮ ಕೈಲೇ ಬಿಚ್ಚಿಸುತ್ತಾರೆ.